ಗಡಿಯಾರದವನ ಮೌಸ್

ಗಡಿಯಾರ ರಿಪೇರಿಯವನ ಕೈ ಆ ಬೀದಿಯಲ್ಲಿ ಮನೆಮಾತಾಗಿತ್ತು. ಸಾಸಿವೆಗಿಂತ ಚಿಕ್ಕ ಸ್ಕ್ರೂವನ್ನು ಚಿಮುಟದಲ್ಲಿ ಎತ್ತಿ, ಕೂರಬೇಕಾದ ಕಡೆ ಕೂರಿಸಿ, ಆಮೇಲಷ್ಟೇ ಉಸಿರು ಬಿಡುವವನು. ಜನ ಅವನನ್ನು ‘ಮುಳ್ಳಣ್ಣ’ ಎನ್ನುತ್ತಿದ್ದರು. ಅದು ಗಡಿಯಾರದ ಮುಳ್ಳಿನಿಂದ ಬಂದ ಹೆಸರು, ನಾಲಿಗೆಯಿಂದಲ್ಲ ಎಂದು ಅವನ ಹೆಂಡತಿ ಸಮಜಾಯಿಷಿ ಕೊಡುತ್ತಿದ್ದಳು.

ಐವತ್ತು ದಾಟಿದ ಮುಳ್ಳಣ್ಣನಿಗೆ ಇದ್ದ ಒಂದೇ ಚಟ ಕಂಪ್ಯೂಟರ್ ಆಟ. ಸಂಜೆ ಅಂಗಡಿಯ ಷಟರ್ ಎಳೆದು ಮನೆಗೆ ಬಂದವನೇ ಹೆಡ್‌ಫೋನ್ ಏರಿಸಿಕೊಳ್ಳುವನು. ಆ ತುದಿಯಲ್ಲಿ, ಬೇರೆ ಊರಿನಲ್ಲಿ, ಅವನ ಅಕ್ಕ. ಶಾಲಾ ಬಸ್ ಓಡಿಸುವವಳು. ಇಬ್ಬರೂ ಸೇರಿ ಪಾಳು ಕಟ್ಟಡಗಳಲ್ಲಿ ಶತ್ರುಗಳನ್ನು ಬೇಟೆಯಾಡುವುದು. ಅಕ್ಕ ಮುಂದೆ ನುಗ್ಗುವಳು, ತಮ್ಮ ದೂರದಿಂದ ಗುರಿಯಿಡುವನು.

ಇತ್ತೀಚೆಗೆ ಆ ಗುರಿ ತಪ್ಪತೊಡಗಿತ್ತು.

“ನನ್ನ ಬೆನ್ನು ಕಾಯೋ ಅಂದ್ರೆ ಗೋಡೆಗೆ ಗುಂಡು ಹೊಡೀತೀಯಲ್ಲೋ!”

“ಮೌಸ್ ಸರಿ ಇಲ್ಲ ಕಣೇ ಅಕ್ಕ. ಬ್ಲೂಟೂತ್‌ದು. ಗುರಿಯ ಚುಕ್ಕಿ ನಿಂತಲ್ಲಿ ನಿಲ್ತಿಲ್ಲ.”

“ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ!”

ಮುಳ್ಳಣ್ಣನಿಗೆ ಮೈಯೆಲ್ಲ ಉರಿಯಿತು. ಮರುದಿನವೇ ಕಂಪ್ಯೂಟರ್ ಅಂಗಡಿಗೆ ಹೋದ. ಅಂಗಡಿಯವನು ಪರಿಚಿತ.

“ಬ್ಲೂಟೂತ್ ಆಫೀಸ್ ಕೆಲಸಕ್ಕೆ ಸರಿ ಮುಳ್ಳಣ್ಣ, ಆಟಕ್ಕೆ ಸ್ವಲ್ಪ ನಿಧಾನ. ಡಾಂಗಲ್ ಇರೋದು ತಗೊಳ್ಳಿ. ಈ ಪುಟ್ಟ ತುಣುಕನ್ನ ಕಂಪ್ಯೂಟರಿಗೆ ಚುಚ್ಚಿದ್ರೆ ಸಾಕು, ಕೈ ಅಲ್ಲಾಡೋದೇ ತಡ, ಪರದೆ ಮೇಲೆ ಬಂದಿರುತ್ತೆ.”

“ವೈರ್ ಇರೋದು?”

“ಅದಕ್ಕೆ ಚಾರ್ಜಿನ ಚಿಂತೆ ಇಲ್ಲ, ಮಧ್ಯೆ ಸಂಪರ್ಕ ಕಡಿದುಹೋಗೋ ಭಯ ಇಲ್ಲ. ಆದ್ರೆ ಬಾಲ ಅಡ್ಡ ಬರುತ್ತೆ.”

ಬಾಲ ಬೇಡವೆಂದು ಡಾಂಗಲ್ ಮೌಸ್ ತಂದ. ಚುಕ್ಕಿ ಇನ್ನೂ ಹೆಚ್ಚು ನಡುಗಿತು. ವೈಫೈ ಅಡ್ಡ ಬರುತ್ತಿರಬೇಕೆಂದು ಅದರ ಪೆಟ್ಟಿಗೆಯನ್ನು ಕಿತ್ತು ಅಡುಗೆಮನೆಯಲ್ಲಿಟ್ಟ. “ನಿಮ್ಮ ಯುದ್ಧಕ್ಕೆ ನನ್ನ ಒಲೆ ಪಕ್ಕದ ಜಾಗಾನೇ ಬೇಕಿತ್ತೇನ್ರೀ?” ಎಂದಳು ಹೆಂಡತಿ. ಕೊನೆಗೆ ಬಾಲದ್ದನ್ನೂ ತಂದು ಚುಚ್ಚಿದ. ಚುಕ್ಕಿ ಅದೇ ರೀತಿ ನಡುಗಿತು.

ಮೂರನ್ನೂ ಚೀಲಕ್ಕೆ ತುಂಬಿ, ಅಂಗಡಿಯವನ ಮೇಜಿನ ಮೇಲೆ ಸುರಿದ. “ಮೂರೂ ದಂಡ! ನೀವೇ ನೋಡಿ.”

ಅಂಗಡಿಯವನು ವೈರಿನದನ್ನು ಚುಚ್ಚಿ, ಚಿತ್ರ ಬಿಡಿಸುವ ಹಾಳೆ ತೆರೆದು ಒಂದು ಗೆರೆ ಎಳೆದ. ದಾರ ಹಿಡಿದಂತೆ ನೇರ. ಉಳಿದೆರಡರಲ್ಲೂ ಹಾಗೆಯೇ.

“ಈಗ ನೀವು ಎಳೀರಿ.”

ಮುಳ್ಳಣ್ಣ ಎಳೆದ. ಗೆರೆ ಗರಗಸದ ಹಲ್ಲಿನಂತೆ ಬಂತು. ಇನ್ನೊಮ್ಮೆ ಎಳೆದ. ಮತ್ತೆ ಹಲ್ಲು. ಬೈಯಲು ಬಾಯಿ ತೆರೆದು ಅಂಗಡಿಯವನತ್ತ ತಿರುಗಿದರೆ, ಅವನು ಪರದೆಯನ್ನು ನೋಡುತ್ತಿರಲಿಲ್ಲ. ಮುಳ್ಳಣ್ಣನ ಕೈಯನ್ನು ನೋಡುತ್ತಿದ್ದ.

ಮುಳ್ಳಣ್ಣನೂ ನೋಡಿದ. ಬೆರಳುಗಳು ಸಣ್ಣಗೆ, ಬಿಡದೆ ನಡುಗುತ್ತಿದ್ದವು. ತನ್ನದೇ ಕೈ, ಆದರೆ ಯಾರದೋ ಕೈ ತಂದು ತನ್ನ ತೋಳಿಗೆ ಅಂಟಿಸಿದಂತಿತ್ತು. ಮೌಸ್ ಬಿಟ್ಟು ಮೇಜನ್ನು ಹಿಡಿದುಕೊಂಡ. ಹೋದ ವಾರ ಚಿಮುಟದಿಂದ ಸ್ಕ್ರೂ ಹಾರಿದ್ದು, ಚಿಮುಟ ಸವೆದಿದೆಯೆಂದು ಹೊಸದು ಕೊಂಡದ್ದು, ಅದರಿಂದಲೂ ಸ್ಕ್ರೂ ಹಾರಿದ್ದು, ಎಲ್ಲ ಒಟ್ಟಿಗೆ ನೆನಪಾದವು.

“ಕೂತ್ಕೊಳ್ಳಿ ಮುಳ್ಳಣ್ಣ, ನೀರು ಕುಡೀರಿ,” ಎಂದ ಅಂಗಡಿಯವನು. ಲೋಟ ಎತ್ತಿದರೆ ನೀರು ತುಳುಕೀತೆಂದು ಮುಳ್ಳಣ್ಣ ಮುಟ್ಟಲೇ ಇಲ್ಲ.

ಮನೆಯಲ್ಲಿ ಹೇಳಿದಾಗ ಹೆಂಡತಿಯ ಮುಖ ಬಿಳಿಚಿಕೊಂಡಿತು. “ತೂಕಾನೂ ಇಳಿದಿದೆ, ಬೆಲ್ಟಿಗೆ ಹೊಸ ತೂತು ಮಾಡಿಸಿದ್ರಿ. ವಯಸ್ಸಲ್ಲಿ ತೆಳ್ಳಗಾದ್ರೆ ಒಳ್ಳೇದೇ ಅಂತ ನಾನೂ ಸುಮ್ನಿದ್ದೆ,” ಎಂದು ಅತ್ತಳು. ಫೋನಿನಲ್ಲಿ ಸುದ್ದಿ ಕೇಳಿದ ಅಕ್ಕ ರಜೆ ಹಾಕಿ, ಯಾವತ್ತೂ ಡ್ರೈವರ್ ಸೀಟಲ್ಲೇ ಕೂರುವವಳು ಈ ಸಲ ಪ್ರಯಾಣಿಕಳಾಗಿ ಬಂದಿಳಿದಳು.

ರಕ್ತ ಪರೀಕ್ಷೆಯ ಫಲಿತಾಂಶ ನೋಡಿ ಡಾಕ್ಟರಮ್ಮ, “ಥೈರಾಯ್ಡ್ ಮಿತಿಮೀರಿ ಕೆಲಸ ಮಾಡ್ತಿದೆ. ಮಾತ್ರೆ ತಗೊಂಡ್ರೆ ನಡುಕ ಇಳಿಯುತ್ತೆ,” ಎಂದರು. ಏನೇನೋ ಊಹಿಸಿ ಕಂಗಾಲಾಗಿದ್ದ ಮುಳ್ಳಣ್ಣನಿಗೆ ಆ ಮಾತು ತಲೆಗೆ ಇಳಿಯಲಿಲ್ಲ. ಅಕ್ಕ ತೋಳು ಹಿಡಿದು ಅಲ್ಲಾಡಿಸಿದಳು: “ವಾಸಿ ಆಗುತ್ತಂತೆ ಕಣೋ, ಕೇಳಿಸ್ತಾ?”

ತಿಂಗಳುಗಟ್ಟಲೆ ಅವನು ಗೋಡೆ ಗಡಿಯಾರಗಳನ್ನಷ್ಟೇ ಮುಟ್ಟಿದ. ನಡುಕ ನಿಧಾನವಾಗಿ ಇಳಿಯಿತು. ಮತ್ತೆ ಆಟಕ್ಕೆ ಕೂತಾಗ ಡಾಂಗಲಿನದೇ ಚೆನ್ನಾಗಿದೆಯೆನಿಸಿ ಅದನ್ನು ಇಟ್ಟುಕೊಂಡ. ಆದರೆ ಈಗಲೂ ಕೆಲಸಕ್ಕೆ ಕೂರುವ ಮುನ್ನ ಬೆರಳುಗಳನ್ನು ಅಗಲಿಸಿ, ಹೊಸಬರ ಮುಖ ನೋಡುವಂತೆ, ಒಂದು ಗಳಿಗೆ ನೋಡುತ್ತಾನೆ.