ಕಡಿದ ಮರದ ಕಾಯಿ

ಶಿರಾ ಗೇಟ್‌ನಲ್ಲಿ ನಮ್ಮ ಪಂಪ್‌ಸೆಟ್ ಅಂಗಡಿ ಇದ್ದಾಗ ಗಿರಾಕಿಗಳನ್ನು ನಾನು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: “ಬಿಲ್ ಬೇಕಾ, ಬೇಡ್ವಾ?” ಬೇಡ ಅನ್ನುವವರೇ ಹೆಚ್ಚು. ಕೊಬ್ಬರಿ ಮಾರಿದ ನೋಟುಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದು ಮೋಟಾರು ತೆಗೆದುಕೊಂಡು ಹೋಗುತ್ತಿದ್ದರು. ಆ ದುಡ್ಡನ್ನು ಸರ್ಕಾರದ ಕಣ್ಣಿಗೆ ಬೀಳದ ಹಾಗೆ ಎಲ್ಲಿಡುವುದು ಎನ್ನುವುದಷ್ಟೇ ನನ್ನ ಚಿಂತೆಯಾಗಿತ್ತು.

ದಾರಿ ತೋರಿಸಿದವರು ನಮ್ಮ ಆಡಿಟರ್. “ಊರಲ್ಲಿ ತೋಟ ಇದೆ ಅಂದಿದ್ರಲ್ಲ? ವ್ಯವಸಾಯದ ಆದಾಯಕ್ಕೆ ತೆರಿಗೆ ಇಲ್ಲ. ಅಂಗಡಿ ದುಡ್ಡನ್ನ ತೆಂಗಿನಕಾಯಿ ದುಡ್ಡು ಅಂತ ತೋರಿಸೋಣ” ಅಂದರು.

ಹಾಗಲವಾಡಿ ಕಡೆ ತೋಟವೇನೋ ಇತ್ತು. ಮನೆ ಪಾಲಾದಾಗ ನನ್ನ ಭಾಗಕ್ಕೆ ಬಂದ ರಾಗಿ ಹೊಲದಲ್ಲಿ ನಮ್ಮಣ್ಣ ತೆಂಗಿನ ಸಸಿ ಇಟ್ಟಿದ್ದ. ಜಮೀನು ನನ್ನ ಹೆಸರಿನದು, ಮೈ ಮುರಿದು ದುಡಿದದ್ದು ಅವನು. ಫಸಲು ಬಂದ ಮೇಲೆ ಅರ್ಧ ಅರ್ಧ ಎಂದು ಮಾತಾಗಿತ್ತು. ಆಗ ಆ ಸಸಿಗಳು ನನ್ನ ಸೊಂಟಕ್ಕೆ ಬರುತ್ತಿದ್ದವು. ಪಹಣಿಯಲ್ಲಿ ತೆಂಗು ಎಂದು ಬರೆದಿತ್ತು. ಎಷ್ಟೆತ್ತರದ ತೆಂಗು ಎಂದು ಪಹಣಿಯಲ್ಲಿ ಬರೆಯುವುದಿಲ್ಲ. ಆಡಿಟರ್ ಹೋಗಿ ನೋಡಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಇನ್ನೂ ಹೊಂಬಾಳೆಯನ್ನೇ ಕಾಣದ ಗಿಡಗಳು ನಾನು ಸಲ್ಲಿಸುತ್ತಿದ್ದ ರಿಟರ್ನ್‌ಗಳಲ್ಲಿ ವರ್ಷವರ್ಷವೂ ಗೊನೆಗಟ್ಟಲೆ ಕಾಯಿ ಬಿಟ್ಟವು. ಹಾಗೆ ಉಳಿಸಿದ ದುಡ್ಡಿನಲ್ಲಿ ಹೆಂಡತಿಯ ತವರೂರು ಕುಣಿಗಲ್‌ನಲ್ಲಿ ಅವಳ ಹೆಸರಿಗೆ ಒಂದು ಸೈಟು ಕೊಂಡೆ.

ತೊಂಬತ್ತೇಳರಲ್ಲಿ ಸರ್ಕಾರ ಒಂದು ಅವಕಾಶ ಕೊಟ್ಟಿತು. ಮುಚ್ಚಿಟ್ಟ ಆದಾಯವನ್ನು ತಾವಾಗಿ ಬಂದು ಒಪ್ಪಿಕೊಂಡವರು ನೂರಕ್ಕೆ ಮೂವತ್ತು ಕಟ್ಟಿದರೆ ಮುಗಿಯಿತು, ದಂಡವಿಲ್ಲ, ಕೇಸಿಲ್ಲ. ವರ್ಷದ ಕೊನೆಯವರೆಗೆ ಗಡುವು. ಅದು ದಾಟಿದರೆ ತೋಟದ ಹೆಸರು ಹೇಳಿದವರ ತೋಟಗಳಿಗೇ ಇನ್‌ಸ್ಪೆಕ್ಟರು ಬರುತ್ತಾರೆ ಎಂದು ಪೇಟೆಯಲ್ಲಿ ಗುಸುಗುಸು ಎದ್ದಿತು. ಆಗ ನಾನು ಹೆದರಿ ಆಡಿಟರಿಗೆ ಸಸಿಗಳ ವಿಷಯ ಹೇಳಿದೆ. ಅವರ ಮುಖ ಕಪ್ಪಿಟ್ಟಿತು.

“ಅಲ್ರೀ, ಸಸೀಲಿ ಕಾಯಿ ಕಿತ್ರಾ? ಸುಮ್ನೆ ಹೋಗಿ ಒಪ್ಕೊಂಡ್‌ಬಿಡಿ” ಅಂದರು. ಆಮೇಲೆ ದನಿ ತಗ್ಗಿಸಿ, “ಇಲ್ಲಾಂದ್ರೆ ಇನ್ನೊಂದಿದೆ. ಹಳೇ ಮರಗಳಿದ್ವು, ರೋಗ ಬಂತು, ಕಡಿದು ಹೊಸದು ಹಾಕಿದೀವಿ ಅಂತ ತೋಟ ನೋಡ್ಕೊಳ್ಳೋರ ಕೈಲಿ ಛಾಪಾ ಕಾಗದದ ಮೇಲೆ ಬರೆಸ್ಕೊಂಡು ಬನ್ನಿ. ಕೇಳಿದ್ರೆ ತೋರಿಸೋಣ” ಅಂದರು.

ಒಪ್ಪಿಕೊಳ್ಳಬೇಕೆಂದರೆ ಸೈಟು ಮಾರಬೇಕಿತ್ತು. ಹೆಂಡತಿಗೆ ಹೇಳಿದೆ. “ಮಾರಿ, ಮಾರಿ. ತಾಳೀನೂ ಬಿಚ್ಚಿಕೊಡ್ತೀನಿ, ಅದನ್ನೂ ಕಟ್ಬಿಡಿ. ಸರ್ಕಾರದೋರು ನಿಮ್ಮ ನೆಂಟರಲ್ವಾ!” ಎಂದು ಪಾತ್ರೆ ಕುಕ್ಕಿ ಹೊರಗೆ ಹೋದಳು. ಅವಳ ಮೇಲೆ ತಪ್ಪು ಹೊರಿಸಲಾರೆ. ಅವಳಿಗಿಂತ ನನ್ನ ಹೊಟ್ಟೆಯಲ್ಲೇ ಹೆಚ್ಚು ಉರಿ ಇತ್ತು. ಅಂಗಡಿಗೆ ಕರೆಂಟ್ ಮೀಟರು ಹಾಕಿಸಲು ಲಂಚ ಕೊಟ್ಟವನು ನಾನು. ಲಂಚಕ್ಕೆ ರಸೀದಿ ಕೊಡದ ಜನ ನನ್ನ ರಸೀದಿ ಕೇಳುತ್ತಾರಲ್ಲ ಎಂದು ಹಲ್ಲು ಕಡಿಯುತ್ತಿದ್ದೆ. ಒಂದು ದಿನ ಹೋಗಿ ಹೇಳಿಬಿಡೋಣ ಅನ್ನಿಸುತ್ತಿತ್ತು. ಮಾರನೆಯ ದಿನ ಶಿರಾ ಗೇಟಿನ ಧೂಳು ಕುಡಿಯುತ್ತಾ, ಈ ರಸ್ತೆಗೆ ಕೊಡಬೇಕೇ ನನ್ನ ದುಡ್ಡು ಅನ್ನಿಸುತ್ತಿತ್ತು. ಎಷ್ಟು ಕಾರಣ ಹುಡುಕಿದರೂ ಒಳಗಿದ್ದದ್ದು ದುರಾಸೆಯೇ. ಈಗ ಅದನ್ನು ಬರೆಯಲು ನಾಚಿಕೆಯಿಲ್ಲ.

ಕೊನೆಗೆ ಛಾಪಾ ಕಾಗದ ಕೊಂಡೆ. ಎಸ್ಸೆಸ್ಸೆಲ್ಸಿ ಪಾಸಾದವನೆಂಬ ಜಂಬದಲ್ಲಿ ಒಕ್ಕಣೆಯನ್ನು ನಾನೇ ಬರೆದು, ಟೈಪು ಮಾಡಿಸಿ, ಗುಬ್ಬಿಯಲ್ಲಿ ಬಸ್ಸು ಬದಲಾಯಿಸಿ ಊರಿಗೆ ಹೋದೆ.

ಅಣ್ಣ ಸಸಿಗಳ ಪಾತಿಗೆ ಗೊಬ್ಬರ ಹಾಕುತ್ತಿದ್ದ. ಅವನಿಗೆ ಸಹಿ ಹಾಕಲು ಬರುತ್ತಿತ್ತೇ ಹೊರತು ಓದಲು ಬರುತ್ತಿರಲಿಲ್ಲ. “ಅದೇನೈತೆ ಓದ್ಲಾ” ಅಂದ. ಓದಿದೆ. ‘ಫಲ ಬಿಡುತ್ತಿದ್ದ ತೆಂಗಿನ ಮರಗಳನ್ನು ನಾನೇ ಖುದ್ದಾಗಿ ಕಡಿದಿರುತ್ತೇನೆ’ ಎಂಬಲ್ಲಿಗೆ ಬಂದಾಗ ಗೊಬ್ಬರದ ಮಂಕರಿಯನ್ನು ದೂರಕ್ಕೆಸೆದ.

“ನಾನಾ? ಕಾಯಿ ಬಿಡೋ ತೆಂಗ ನಾನು ಕಡ್ದೆ ಅಂತಾ ಬರ್ದಿದ್ದೀಯೇನ್ಲಾ?”

“ಕಾಗದದಲ್ಲಿ ಮಾತ್ರ ಕಣಣ್ಣ. ಯಾರೂ ನೋಡಲ್ಲ.”

“ಯಾರೂ ನೋಡ್ದಿದ್ರೆ ಯಾಕ್ಲಾ ಬರ್ಸ್ಕೊತೀಯಾ? ಮನ್ಸನ್ನ ಕಡ್ದೆ ಅಂತ ಬರ್ಕೊ, ಹಾಕ್ತೀನಿ. ಇದ್ಕೆ ಹಾಕಲ್ಲ. ನೀರು ಹೊತ್ತೋನು ನಾನು. ಕೂಸಿನಂಗೆ ಸಾಕಿವ್ನಿ.”

ನಮ್ಮ ಕಡೆ ಫಲ ಕೊಡುವ ತೆಂಗಿಗೆ ಯಾರೂ ಕೊಡಲಿ ಹಾಕುವುದಿಲ್ಲ. ಸಿಡಿಲು ಬಡಿದು ಸುಳಿ ಸತ್ತ ಮರವನ್ನು ಉರುಳಿಸುವಾಗಲೂ ಬುಡಕ್ಕೆ ಅರಿಸಿನ ಕುಂಕುಮ ಇಟ್ಟು ಕೈ ಮುಗಿಯುತ್ತಾರೆ. ಅಲ್ಲೇ ಹುಟ್ಟಿದ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಟೈಪು ಮಾಡಿಸುವಾಗ ಅದು ನನಗೆ ಒಂದು ವಾಕ್ಯವಷ್ಟೇ ಆಗಿತ್ತು.

ಆಮೇಲೆ ನಾನು ಆಡಿದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ. “ಜಮೀನು ನನ್ನ ಹೆಸರಲ್ಲಿದೆ. ಸಹಿ ಹಾಕ್ಲಿಲ್ಲಾಂದ್ರೆ ನಾಳೆನೇ ಬೇರೆಯವರಿಗೆ ಗುತ್ತಿಗೆ ಕೊಡ್ತೀನಿ. ನೀನು ಈ ಬೇಲಿ ಒಳಗೆ ಕಾಲಿಡಂಗಿಲ್ಲ.”

ಅಣ್ಣ ನನ್ನನ್ನು ನೋಡಲಿಲ್ಲ. ಸಸಿಗಳ ಸಾಲನ್ನು ನೋಡಿದ. ಗೊಬ್ಬರದ ಕೈಯನ್ನು ಪಂಚೆಗೆ ಒರೆಸಿಕೊಂಡು ಪೆನ್ನು ಕೇಳಿದ. ಸಹಿ ಹಾಕಿ, “ಎದ್ದೋಗು” ಅಂದ. ಬಸ್‌ ಸ್ಟ್ಯಾಂಡಿನವರೆಗೂ ನಾನು ಗೆದ್ದೆನೆಂದೇ ನಡೆದೆ. ಗಡುವು ದಾಟಿತು, ನಾನು ಏನನ್ನೂ ಒಪ್ಪಿಕೊಳ್ಳಲಿಲ್ಲ. ತೋಟಕ್ಕೆ ಯಾವ ಇನ್‌ಸ್ಪೆಕ್ಟರೂ ಬರಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲೆ ಮರಗಳು ನಿಜವಾಗಿ ಫಲಕ್ಕೆ ಬಂದವು. ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಟೆಂಪೋ ನಿಂತಿತು. ಅಣ್ಣ ಇಳಿದು, ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಕೇಳುವ ಹಾಗೆ ಕೂಗಿದ: “ಕಡ್ದ ಮರದ ಕಾಯಿ ಬಂದೈತೆ. ಇಳಿಸ್ಕೊಳಪ್ಪ!”

ಇಡೀ ಫಸಲನ್ನು ತಂದಿದ್ದ. ಅಂಗಡಿಯ ಹಿಂದೆಯೇ ಇದ್ದ ಮನೆಯಿಂದ ಹೆಂಡತಿ ಓಡಿಬಂದು, “ಭಾವ, ನಿಮ್ಮ ಅರ್ಧ ಇಟ್ಕೊಳ್ಳಿ” ಅಂದಳು. “ನಾನು ಕಡ್ದಾಕಿವ್ನಿ ಕಣವ್ವ. ನನಗೆಲ್ಲೀ ಕಾಯಿ?” ಅಂದವನು ಅವಳು ತಂದ ಕಾಫಿ ಮುಟ್ಟದೆ ಹೋದ. ಅಣ್ಣನ ಮನೆಯಲ್ಲಿ ಸಾರು ಮಾಡಲೂ ಅಂಗಡಿಯಿಂದ ಕಾಯಿ ಕೊಂಡು ತರುತ್ತಾರೆಂದು ಊರಿನವರು ಹೇಳಿದರು. ವರ್ಷವರ್ಷವೂ ಟೆಂಪೋ ಬಂತು, ಅದೇ ಕೂಗು ಬಂತು. ನಾನು ಒಳಗೆ ಕೂತು ಕೆಲಸ ಇರುವವನಂತೆ ನಟಿಸುತ್ತಿದ್ದೆ.

ಅಂಗಡಿ ಮುಚ್ಚಿದ ವರ್ಷ ಧೈರ್ಯ ಮಾಡಿ ತೆರಿಗೆ ಆಫೀಸಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಮಗನ ವಯಸ್ಸಿನ ಅಧಿಕಾರಿ ಕೊನೆಯವರೆಗೂ ಕೇಳಿ, “ಆ ವರ್ಷಗಳ್ನೆಲ್ಲ ಈಗ ತೆಗೆಯೋಕೆ ಬರಲ್ಲ ಯಜಮಾನ್ರೇ. ಅವಕಾಶ ಕೊಟ್ಟಾಗ ಬರಬೇಕಿತ್ತು. ಮನೆಗೆ ಹೋಗಿ” ಅಂದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಲ್ಲಿಂದ ಆಡಿಟರ ಹತ್ತಿರ ಹೋದೆ. ಛಾಪಾ ಕಾಗದ ಅವರ ಬೀರುವಿನಲ್ಲೇ ಇತ್ತು. ಅದನ್ನು ಯಾರೂ ಕೇಳಿರಲೇ ಇಲ್ಲ.

ಅದನ್ನು ಹಿಡಿದುಕೊಂಡು ಊರಿಗೆ ಹೋದೆ. ತೋಟವನ್ನು ಅಣ್ಣನ ಹೆಸರಿಗೆ ಬರೆದುಕೊಡುತ್ತೇನೆಂದು ಹೇಳಿ, ಆ ಕಾಗದವನ್ನು ಅವನ ಕೈಗಿಟ್ಟು, “ಹರಿದಾಕಣ್ಣ, ತಪ್ಪಾಯ್ತು” ಅಂದೆ. ಅವನು ಹರಿಯಲಿಲ್ಲ. ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟುಕೊಂಡ. “ಹೆಸರು ನೀನೇ ಇಟ್ಕೊ. ಇದು ನನ್ನತ್ರ ಇರ್ಲಿ” ಅಂದವನು ಮತ್ತೆ ನನ್ನ ಕಡೆ ತಿರುಗಲಿಲ್ಲ.

ಮುಂದಿನ ಸಲ ಟೆಂಪೋ ಮನೆ ಬಾಗಿಲಿಗೇ ಬಂತು. ಅಣ್ಣನಿಗೆ ಮಂಡಿನೋವು, ಬಂದಿರಲಿಲ್ಲ. ಡ್ರೈವರು ತಲೆ ಕೆರೆದುಕೊಳ್ಳುತ್ತಾ ಇಳಿದ.

“ಯಜಮಾನ್ರು ಒಂದು ಮಾತು ಹೇಳು ಅಂದವ್ರೆ ಸಾರ್. ಕಡ್ದ ಮರದ ಕಾಯಿ ಅಂತೆ. ಅದೆಂಗೆ ಸಾರ್, ಕಡ್ದ ಮರದಾಗೆ ಕಾಯಿ?”

“ಅವರು ಕಡೀಲಿಲ್ಲಪ್ಪ, ನಾನು ಕಡಿಸಿದ್ದು” ಎಂದು ಹೇಳಿ, ಟೆಂಪೋದ ಹಿಂಬಾಗಿಲು ತೆಗೆದು ಕಾಯಿ ಇಳಿಸತೊಡಗಿದೆ.