ಚಕ್ರದ ಕುದುರೆಯ ಹಿಂದೆ ಹೋದವನು

ನಾನಾ ದೇಶಗಳ ಯುವಜನರ ಹಡಗುಯಾತ್ರೆಯಲ್ಲಿ ನನ್ನ ಕೋಣೆಯಲ್ಲಿದ್ದವನು ಚನ್ನಪಟ್ಟಣದ ಬೊಂಬೆ ಕೆಲಸದವನು. ಬೊಂಬೆ ಎಲ್ಲಿ ಉರುಳಿದರೂ, ಅರಗಿನ ಬಣ್ಣ ಕಿತ್ತುಹೋಗುವ ಮೊದಲೇ ಅವನ ಕೈ ಅಲ್ಲಿರುತ್ತಿತ್ತು. ಊಟಕ್ಕೆ ಕರೆದರೆ ಬೊಂಬೆ ಒರೆಸುತ್ತಲೇ, "ಒಸಿ ತಡಿ ಕಣ್ಲಾ, ಬಂದ್ಬುಟ್ಟೆ" ಎನ್ನುತ್ತಿದ್ದ. ಜಪಾನಿನ ಹುಡುಗರು ಅವನನ್ನು 'ಒಸಿತಡಿ' ಎಂದೇ ಕೂಗುತ್ತಿದ್ದರು.

ಅಂದು ಡೆಕ್ಕಿನ ಮೇಲೆ ಅವನು ಬೊಂಬೆಗಳನ್ನು ತೋರಿಸುತ್ತಿದ್ದಾಗ ಬಿರುಗಾಳಿ ಎದ್ದಿತು. ಎಲ್ಲರೂ ಒಳಗೆ ಓಡಿದೆವು. ಚಕ್ರದ ಕುದುರೆಯೊಂದು ಅಂಚಿನತ್ತ ಉರುಳಿತು.

"ಬುಡ್ಲಾ ಅದ್ನ, ಸಾಯ್ತೀಯ!" ಎಂದು ಕೂಗಿದೆ.

"ಒಸಿ ತಡಿ ಕಣ್ಲಾ" ಎಂದು ನಗುತ್ತ ಹೋದ. ದೊಡ್ಡ ಅಲೆಯೊಂದು ಅವನನ್ನು ಎಳೆದೊಯ್ದಿತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಕುದುರೆ ಕಂಬಿಗೆ ಸಿಕ್ಕಿಕೊಂಡು ಅಲ್ಲೇ ನಿಂತಿತ್ತು.

ಯಾತ್ರೆ ಮುಗಿದ ಮೇಲೆ ಚನ್ನಪಟ್ಟಣಕ್ಕೆ ಹೋಗಿ ಅದನ್ನು ಅವನ ಅವ್ವನಿಗೆ ಕೊಟ್ಟೆ. ಆಕೆಯೂ ಬೊಂಬೆ ಕೆಲಸದವಳೇ. ತಿರುಗಿಸಿ ತಿರುಗಿಸಿ ನೋಡಿದಳು.

"ಒಸಿನೂ ಬಣ್ಣ ಹೋಗಿಲ್ವಲ್ಲಪ್ಪಾ" ಎಂದಳು.