ಅಕ್ಕನ ಸರದಿ

ಕನ್ನಡಕದಂಗಡಿಯವನಿಗೆ ಭಾನುವಾರ ಮಧ್ಯಾಹ್ನವೆಂದರೆ ಅಕ್ಕನ ಕೈಲಿ ಸೋಲುವ ಹೊತ್ತು. ಅಕ್ಕ ದರ್ಜಿ. ಅವಳ ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಕಂಪ್ಯೂಟರು, ಅದರೊಳಗೆ ಇಬ್ಬರಿಗೂ ಒಂದೊಂದು ರಾಜ್ಯ. ಒಬ್ಬರು ಆಡುವಾಗ ಇನ್ನೊಬ್ಬರು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ತಮ್ಮ ಎಷ್ಟೋ ಸಲ ಕದ್ದು ನೋಡಿದ್ದಾನೆ. ಆದರೂ ಮಣ್ಣು ಮುಕ್ಕಿದ್ದಾನೆ.

ಮೊದಲ ಆಟದಲ್ಲಿ ಇದ್ದದ್ದು ನಾಲ್ಕೇ ಗುಂಡಿ: ಹೊಲ, ಕೋಟೆ, ಸೈನ್ಯ, ಸಂಧಿ. ವರ್ಷಗಳು ಕಳೆದಂತೆ ಹೊಸ ಹೊಸ ಆಟಗಳಲ್ಲಿ ತೆರಿಗೆ ಬಂತು, ಸಂತೆ ಬಂತು, ಲಂಚ ತಿನ್ನುವ ಮಂತ್ರಿಗಳು ಬಂದರು, ಕೊನೆಗೆ ರಾಜಕುಮಾರಿಯರಿಗೆ ಗಂಡು ಹುಡುಕುವ ಕೆಲಸವೂ ರಾಜನ ತಲೆಗೇ ಬಿತ್ತು. ಯುದ್ಧಕ್ಕಿಂತ ಆಟವನ್ನು ಕಲಿಯುವುದೇ ದೊಡ್ಡ ಯುದ್ಧವಾಯಿತು. ತಮ್ಮ ಗೊಣಗುತ್ತಿದ್ದ. ಅಕ್ಕನಿಗೋ ಹಬ್ಬ.

"ರಾಜ್ಯ ಅಂದ್ಮೇಲೆ ತಲೆನೋವು ಇರ್ಲೇಬೇಕು ಕಣೋ," ಅನ್ನುತ್ತಿದ್ದಳು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ಇಲ್ದಿದ್ರೆ ಅದೇನು ರಾಜ್ಯ, ಗೊಂಬೆ ಮನೆ."

ಅದಕ್ಕೇ ಹೊಸ ಆಟ ಬಂದಾಗ ಅವನೇ ಕುಣಿಯುತ್ತಾ ತಂದುಕೊಟ್ಟ. ಇದರಲ್ಲಿ ಸರದಿಯೇ ಇಲ್ಲ. ಇಬ್ಬರೂ ಒಟ್ಟಿಗೆ ಆಡಬೇಕು, ಯಾರಿಗಾಗಿಯೂ ಕಾಲ ನಿಲ್ಲುವುದಿಲ್ಲ. ತನ್ನ ಕಂಪ್ಯೂಟರನ್ನೂ ಹೊತ್ತು ತಂದು ಎದುರಿಗಿಟ್ಟುಕೊಂಡ. ಆವತ್ತು ಅಕ್ಕ ಪರದೆಯನ್ನೇ ನೋಡುತ್ತಾ ಕೂತಳು. ಬಿತ್ತಲಿಲ್ಲ, ಕಟ್ಟಲಿಲ್ಲ, ಅವಳ ಪ್ರಜೆಗಳು ಹಸಿವಿನಿಂದ ಸತ್ತರು. ಗೆದ್ದ ಖುಷಿಗೆ ಪುಣ್ಯಾತ್ಮ ಅವಳ ಮುಖ ಕೂಡ ನೋಡಲಿಲ್ಲ.

ಮುಂದಿನ ವಾರವೂ ಹಾಗೇ ಆಯಿತು. ಅಕ್ಷರ ಸಣ್ಣದು, ಅಕ್ಕನಿಗೆ ಕಾಣುತ್ತಿಲ್ಲ ಅಂತ ಅವನು ತೀರ್ಮಾನಿಸಿದ. ಕನ್ನಡಕದವನಿಗೆ ಲೋಕದ ಕಾಯಿಲೆಯೆಲ್ಲ ಕಣ್ಣಿನದೇ. ಅವಳ ಕನ್ನಡಕಕ್ಕೆ ಹೊಸ ಗಾಜು ಹಾಕಿದ, ಅದನ್ನು ತೆಗೆದು ಇನ್ನೊಂದು ಹಾಕಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು. ಅಂಗಡಿಯ ಅಕ್ಷರದ ಹಲಗೆಯಲ್ಲಿ ತೀರ ಕೆಳಗಿನ ಸಾಲನ್ನೂ ಅಕ್ಕ ತಡವರಿಸದೆ ಓದಿದಳು. ಅವನಿಗೆ ಹೆದರಿಕೆಯಾಯಿತು. ಹೆದರಿಕೆಯನ್ನು ಒಪ್ಪಿಕೊಳ್ಳಲಾರದೆ ಆಟವನ್ನೇ ಬೈದ: ತಲೆಬುಡವಿಲ್ಲದ ಆಟ, ಇದನ್ನು ಯಾವ ಮನುಷ್ಯ ಆಡ್ತಾನೆ? ಇಷ್ಟೊಂದು ತುರುಕಿದರೆ ಯಾರಿಗೆ ತಾನೇ ಗೊಂದಲ ಆಗುವುದಿಲ್ಲ?

ಅಟ್ಟ ಜಾಲಾಡಿ ಆ ನಾಲ್ಕು ಗುಂಡಿಯ ಹಳೇ ಆಟವನ್ನು ಹುಡುಕಿ ತೆಗೆದ. ಅದು ಅವಸರ ಮಾಡುವುದಿಲ್ಲ, ನಮ್ಮ ಸರದಿಗೆ ಎಷ್ಟು ಹೊತ್ತಾದರೂ ಕಾಯುತ್ತದೆ. ಇದರಲ್ಲಾದರೂ ಅಕ್ಕ ತನ್ನನ್ನು ಸೋಲಿಸಲಿ ಎಂದು ಅವನು ಕಂಡಕಂಡ ದೇವರಿಗೆಲ್ಲ ಬೇಡಿಕೊಂಡ.

ಅಕ್ಕ ಕೂತಳು. "ಹೊಲ, ಕೋಟೆ, ಸೈನ್ಯ, ಸಂಧಿ," ಎಂದು ಒಂದೊಂದನ್ನೂ ಸರಿಯಾಗಿ ಓದಿದಳು. ಓದಿ, ಕೈ ಮಡಿಲಲ್ಲಿಟ್ಟುಕೊಂಡಳು.

"ಒತ್ತಕ್ಕಾ."

"ಯಾವ್ದನ್ನ?"

"ನಿಂಗೆ ಯಾವ್ದು ಬೇಕೋ ಅದನ್ನ."

"ನಂಗೇನೂ ಬೇಡ. ಇದನ್ನ ಯಾರು ಆಡ್ತಿದ್ರು?"

"ನಮ್ಮಕ್ಕ. ಅವಳನ್ನ ಗೆಲ್ಲೋಕೆ ಯಾರ ಕೈಲೂ ಆಗ್ತಿರ್ಲಿಲ್ಲ."

ಅಕ್ಕ ಅವನ ಮುಖವನ್ನೇ ನೋಡಿದಳು. ಅಂಗಿ ಅಳತೆ ಕೊಡಲು ಬಂದ ಗಿರಾಕಿಯನ್ನು ನೋಡುವ ಹಾಗೆ, ಮರ್ಯಾದೆಯಿಂದ.

"ಹಾಗಾದ್ರೆ ಅವ್ರನ್ನೇ ಕರೀರಿ," ಅಂದಳು. "ನಂಗೆ ಇದೆಲ್ಲ ತಿಳಿಯಲ್ಲ."

ಅವನಿಗೆ ತಡೆಯಲಾಗಲಿಲ್ಲ. ಮೆಷಿನ್ನಿನ ಮೇಲೆ ತಲೆಯಿಟ್ಟು ಮಗುವಿನ ಹಾಗೆ ಅತ್ತ. ಅಕ್ಕ ಗಾಬರಿಯಾಗಿ ಎದ್ದು ಬಂದು, ಮುಟ್ಟಲೋ ಬೇಡವೋ ಎಂದು ಅನುಮಾನಿಸುತ್ತಾ ಅವನ ಬೆನ್ನು ಸವರಿದಳು.

"ಅಳ್ಬೇಡಿ," ಅಂದಳು. "ನಿಮ್ಮಕ್ಕ ಬರ್ತಾರೆ. ಇಲ್ಲೇ ಎಲ್ಲೋ ಹೋಗಿರ್ತಾರೆ."